ತೆಳು ಲ್ಯಾಪ್‌ಟಾಪ್, ಎರಡೇ ಪೋರ್ಟ್: ಯಾರಿಗೆ ಸಾಕು, ಯಾರಿಗೆ ಸಾಲದು

ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಈಗ ಸಾಮಾನ್ಯವಾಗಿ ನಾಲ್ಕು ದಾರಿಗಳ ನಡುವೆ ನಿಂತಿರುತ್ತಾರೆ. ಮೊದಲನೆಯದು ಎರಡು ಟೈಪ್-ಸಿ ಪೋರ್ಟ್‌ಗಳನ್ನು ಬಿಟ್ಟರೆ ಹೆಚ್ಚೇನೂ ಇಲ್ಲದ ಅತಿ ತೆಳುವಾದ ಯಂತ್ರ. ಎರಡನೆಯದು ಅದೇ ಯಂತ್ರದ ಜೊತೆಗೆ ಒಂದು ಪೋರ್ಟನ್ನು ಹಲವಾಗಿಸುವ ಹಬ್, ಅಥವಾ ಅದೇ ಕೆಲಸಕ್ಕೆ ಮೇಜಿನ ಮೇಲಿಡುವ ಡಾಕ್. ಮೂರನೆಯದು ಅದಕ್ಕಿಂತ ಕೆಲವೇ ಮಿಲಿಮೀಟರ್ ಹೆಚ್ಚು ದಪ್ಪವಾಗಿದ್ದು ಟಿವಿ, ಪ್ರೊಜೆಕ್ಟರ್ ಜೋಡಿಸುವ ಎಚ್‌ಡಿಎಂಐಯನ್ನೂ ಹಳೆಯ ಟೈಪ್-ಎ ಯುಎಸ್‌ಬಿಯನ್ನೂ ಉಳಿಸಿಕೊಂಡಿರುವ 14 ಇಂಚಿನ ಯಂತ್ರ. ನಾಲ್ಕನೆಯದು ಎಲ್ಲವೂ ಇರುವ, ಆದರೆ ಹೆಗಲಿಗೆ ಭಾರವಾಗುವ 15.6 ಇಂಚಿನದು. ಅಂಗಡಿಯಲ್ಲಿ ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ಮೊದಲನೆಯದರ ಮೇಲೆಯೇ ನಿಲ್ಲುತ್ತದೆ. ಮನೆಗೆ ತಂದ ಮೇಲೆ ಕೆಲವರು ಅದರಿಂದ ಪೂರ್ಣ ತೃಪ್ತರಾಗಿರುತ್ತಾರೆ, ಇನ್ನು ಕೆಲವರು ತಿಂಗಳೊಳಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಡಾಪ್ಟರ್ ಹುಡುಕುತ್ತಿರುತ್ತಾರೆ. ಈ ಎರಡು ಗುಂಪುಗಳನ್ನು ಬೇರ್ಪಡಿಸುವುದು ಬಜೆಟ್ ಅಲ್ಲ, ಅವರು ಲ್ಯಾಪ್‌ಟಾಪಿಗೆ ಏನನ್ನು ಚುಚ್ಚುತ್ತಾರೆ ಎಂಬುದು.

ಆದ್ದರಿಂದ ಮಾದರಿಗಳ ಹೆಸರು ಎತ್ತುವ ಮೊದಲು ಮಾನದಂಡಗಳನ್ನು ಇಟ್ಟುಕೊಳ್ಳೋಣ. ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದು ತೂಕ, ದಪ್ಪವಲ್ಲ. ಇವೆರಡೂ ಒಂದೇ ಎಂದು ಜಾಹೀರಾತುಗಳು ನಮ್ಮನ್ನು ನಂಬಿಸಿವೆ. ಕಾಡುಗೋಡಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ವರೆಗೆ ನಿಂತೇ ಬರುವವರ ಹೆಗಲಿಗೆ ತಿಳಿಯುವುದು ಗ್ರಾಂಗಳು ಮಾತ್ರ. ಚೀಲದೊಳಗಿನ ಯಂತ್ರ 11 ಮಿಲಿಮೀಟರ್ ಇದೆಯೋ 16 ಇದೆಯೋ ಎಂಬುದು ಆ ಹೆಗಲಿಗೆ ಗೊತ್ತಾಗುವುದಿಲ್ಲ. ತೂಕ ಎಂದಾಗ ಚಾರ್ಜರ್, ಅಡಾಪ್ಟರ್, ಕೇಬಲ್ ಎಲ್ಲವನ್ನೂ ಸೇರಿಸಿಯೇ ತೂಗಬೇಕು. ಎರಡನೆಯದು, ವಾರಕ್ಕೊಮ್ಮೆಯಾದರೂ ನೀವು ಲ್ಯಾಪ್‌ಟಾಪಿಗೆ ಸಿಕ್ಕಿಸುವ ವಸ್ತುಗಳು ಯಾವುವು, ಅವುಗಳಲ್ಲಿ ಏಕಕಾಲಕ್ಕೆ ಎಷ್ಟು ಬೇಕಾಗುತ್ತವೆ ಎಂಬುದು. ಮೂರನೆಯದು, ಇರುವ ಪೋರ್ಟ್‌ಗಳಲ್ಲಿ ಪ್ರತಿಯೊಂದೂ ನಿಜವಾಗಿ ಏನು ಮಾಡಬಲ್ಲದು ಎಂಬುದು, ಏಕೆಂದರೆ ನೋಡಲು ಒಂದೇ ಥರ ಇರುವ ಟೈಪ್-ಸಿ ರಂಧ್ರಗಳ ಸಾಮರ್ಥ್ಯ ಒಂದೇ ಆಗಿರಬೇಕಿಲ್ಲ. ನಾಲ್ಕನೆಯದು, ನೀವು ಹೋಗುವ ಕಡೆ, ಅಂದರೆ ಕಚೇರಿ, ಕಾಲೇಜು, ಸಭಾಂಗಣಗಳಲ್ಲಿ, ಮೇಜಿನ ಮೇಲೆ ಯಾವ ಕೇಬಲ್ ಇರುತ್ತದೆ ಎಂಬುದು. ಕೊನೆಯದಾಗಿ, ದುರಸ್ತಿಯ ಸಾಧ್ಯತೆ ಮತ್ತು ಅಡಾಪ್ಟರ್‌ಗಳೂ ಸೇರಿದ ಒಟ್ಟು ಖರ್ಚು.

ಪೋರ್ಟ್‌ಗಳು ಮಾಯವಾಗಿದ್ದು ಹೇಗೆ ಎಂದು ತಿಳಿದರೆ ಈ ಮಾನದಂಡಗಳ ಅರ್ಥ ಸ್ಪಷ್ಟವಾಗುತ್ತದೆ. 2008ರ ಜನವರಿಯಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿದಾಗ ಅದರಲ್ಲಿ ಇದ್ದದ್ದು ಒಂದೇ ಯುಎಸ್‌ಬಿ, ಪಕ್ಕದಲ್ಲಿ ಪರದೆಗೊಂದು ಸಣ್ಣ ಪೋರ್ಟ್ ಮತ್ತು ಹೆಡ್‌ಫೋನ್ ಜ್ಯಾಕ್. ತಂತಿಯ ಇಂಟರ್ನೆಟ್‌ಗೆ ಬೇಕಾದ ಈಥರ್‌ನೆಟ್ ಇರಲಿಲ್ಲ, ಸಿಡಿ ಡ್ರೈವ್ ಇರಲಿಲ್ಲ. 2015ರ 12 ಇಂಚಿನ ಮ್ಯಾಕ್‌ಬುಕ್ ಇನ್ನೂ ಮುಂದೆ ಹೋಗಿ ಚಾರ್ಜಿಂಗಿಗೂ ಡೇಟಾಗೂ ಪರದೆಗೂ ಸೇರಿಸಿ ಒಂದೇ ಟೈಪ್-ಸಿ ಕೊಟ್ಟಿತು. ಅದರ ತೂಕ 920 ಗ್ರಾಂ. ಚಾರ್ಜ್ ಮಾಡುತ್ತ ಪೆನ್‌ಡ್ರೈವ್ ಹಾಕಬೇಕೆಂದರೆ ಅಡಾಪ್ಟರ್ ಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ಮರುವರ್ಷ ಮ್ಯಾಕ್‌ಬುಕ್ ಪ್ರೊ ಕೂಡ ಬರೀ ಟೈಪ್-ಸಿಗೆ ಇಳಿಯಿತು. ಐದು ವರ್ಷಗಳ ಬಳಿಕ, 2021ರಲ್ಲಿ, ಅದೇ ಪ್ರೊ ಸಾಲಿಗೆ ಎಚ್‌ಡಿಎಂಐಯೂ ಎಸ್‌ಡಿ ಕಾರ್ಡ್ ಕಿಂಡಿಯೂ ಮರಳಿ ಬಂದವು. ಯಂತ್ರ ತುಸು ದಪ್ಪವಾಯಿತು, ಅದಕ್ಕಾಗಿ ಯಾರೂ ಗೊಣಗಲಿಲ್ಲ.

ದಪ್ಪಕ್ಕೂ ಪೋರ್ಟಿಗೂ ಇರುವ ನಂಟು ಸುಳ್ಳಲ್ಲ. ಟೈಪ್-ಸಿ ಪ್ಲಗ್ಗಿನ ಎತ್ತರ ಎರಡೂವರೆ ಮಿಲಿಮೀಟರಿನ ಆಸುಪಾಸು. ಟೈಪ್-ಎ ಮತ್ತು ಎಚ್‌ಡಿಎಂಐ ಎರಡರದೂ ಸುಮಾರು ನಾಲ್ಕೂವರೆ. ಈಥರ್‌ನೆಟ್ ಸಾಕೆಟ್ಟಿಗೆ ಅದರ ದುಪ್ಪಟ್ಟಿಗಿಂತ ಹೆಚ್ಚು ಜಾಗ ಬೇಕು. ಅದಕ್ಕೇ ಕೆಲವು ತೆಳು ಯಂತ್ರಗಳಲ್ಲಿ ಈಥರ್‌ನೆಟ್ ಕಿಂಡಿಯ ಕೆಳದವಡೆ ಮೊಸಳೆಬಾಯಿಯಂತೆ ತೆರೆದುಕೊಳ್ಳುತ್ತದೆ. ಕೇಬಲ್ ಹಾಕುವಾಗ ಉಗುರಿನಿಂದ ಅದನ್ನು ಕೆಳಗೆ ಒತ್ತಿ ಹಿಡಿಯಬೇಕು, ಲ್ಯಾಪ್‌ಟಾಪ್ ಮೇಜಿಗೆ ಅಂಟಿಕೊಂಡು ಕೂತಿದ್ದರೆ ಒಂದು ಮೂಲೆಯನ್ನು ಎತ್ತಿಯೂ ಹಿಡಿಯಬೇಕು. ಮುಚ್ಚಿದಾಗ 11.3 ಮಿಲಿಮೀಟರ್ ಇರುವ ಮ್ಯಾಕ್‌ಬುಕ್ ಏರ್‌ನಲ್ಲಿ ಪರದೆಯ ಪಾಲನ್ನು ಕಳೆದರೆ ಕೆಳಭಾಗಕ್ಕೆ ಉಳಿಯುವ ಎತ್ತರದಲ್ಲಿ ಎಚ್‌ಡಿಎಂಐ ಕೂರಿಸುವುದು ಕಷ್ಟವೇ. ಆದರೆ ಎಲ್ಲ ಕಡೆಯೂ ಕಾರಣ ಇದೇ ಅಲ್ಲ. 2022ರ ಡೆಲ್ ಎಕ್ಸ್‌ಪಿಎಸ್ 13 ಪ್ಲಸ್‌ನ ದಪ್ಪ 15 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಎರಡು ಟೈಪ್-ಸಿ ಬಿಟ್ಟರೆ ಹೆಡ್‌ಫೋನ್ ಜ್ಯಾಕ್ ಕೂಡ ಇಲ್ಲ. ಹೆಚ್ಚುಕಡಿಮೆ ಅಷ್ಟೇ ದಪ್ಪದ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ ಎರಡು ಟೈಪ್-ಸಿ, ಎರಡು ಟೈಪ್-ಎ, ಎಚ್‌ಡಿಎಂಐ, ಹೆಡ್‌ಫೋನ್ ಜ್ಯಾಕ್ ಎಲ್ಲವೂ ಇವೆ. ಅಂದರೆ ಮೊದಲನೆಯದರಲ್ಲಿ ಪೋರ್ಟ್ ಕೈಬಿಟ್ಟದ್ದು ವಿನ್ಯಾಸಕರ ಆಯ್ಕೆ, ಭೌತಶಾಸ್ತ್ರದ ಒತ್ತಾಯವಲ್ಲ.

ತೂಕಕ್ಕೆ ಬಂದರಂತೂ ಲೆಕ್ಕ ಇನ್ನಷ್ಟು ತಿರುಗುಮುರುಗಾಗುತ್ತದೆ. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕಿಲೊ ಇದೆ. ಎಕ್ಸ್1 ಕಾರ್ಬನ್‌ನ ಹನ್ನೊಂದನೇ ತಲೆಮಾರು 1.12 ಕಿಲೊದಿಂದ ಶುರುವಾಗುತ್ತದೆ. ಎಲ್ಲ ಮುಖ್ಯ ಪೋರ್ಟ್‌ಗಳನ್ನೂ ಇಟ್ಟುಕೊಂಡಿರುವ 14 ಇಂಚಿನ ಎಲ್‌ಜಿ ಗ್ರಾಮ್ 999 ಗ್ರಾಂ. ನಾಲ್ಕೈದು ಮಿಲಿಮೀಟರ್ ಹೆಚ್ಚು ದಪ್ಪವಾಗಿರುವ ಯಂತ್ರಗಳೇ ಹಗುರವಾಗಿವೆ, ಏಕೆಂದರೆ ತೂಕವನ್ನು ತೀರ್ಮಾನಿಸುವುದು ಮೈಯ ಲೋಹ, ಬ್ಯಾಟರಿ ಮತ್ತು ಗಾಜು. ಒಂದು ಎಚ್‌ಡಿಎಂಐ ಕಿಂಡಿಯ ತೂಕ ಕೆಲವೇ ಗ್ರಾಂ. ಹೀಗಾಗಿ "ಹಗುರ ಬೇಕು, ಅದಕ್ಕೇ ಪೋರ್ಟ್ ಬಿಟ್ಟೆ" ಎಂಬ ಸಮರ್ಥನೆ ನಿಲ್ಲುವುದಿಲ್ಲ. ತೆಳು ಯಂತ್ರವನ್ನು ಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ, ಅವನ್ನು ನೋಡೋಣ.

ಎರಡೇ ಪೋರ್ಟ್ ಇರುವ ತೆಳು ಯಂತ್ರ ಯಾರಿಗೆ?

ಔಟರ್ ರಿಂಗ್ ರೋಡ್, ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕೆಲಸ ಮಾಡುವ ಬಹಳಷ್ಟು ಮಂದಿಗೆ ಈ ಯಂತ್ರ ನಿಜಕ್ಕೂ ಸಾಕು. ಅವರ ಫೈಲುಗಳು ಕ್ಲೌಡ್‌ನಲ್ಲಿರುತ್ತವೆ, ಹೆಡ್‌ಸೆಟ್ ಬ್ಲೂಟೂತ್‌ದು. ಕಂಪನಿ ಕೊಟ್ಟ ಯಂತ್ರವಾದರೆ ಭದ್ರತೆಯ ಕಾರಣಕ್ಕೆ ಪೆನ್‌ಡ್ರೈವ್ ಓದದಂತೆ ನಿರ್ಬಂಧಿಸಿರುವುದೂ ಸಾಮಾನ್ಯ. ಅಂಥಲ್ಲಿ ಟೈಪ್-ಎ ಇದ್ದರೂ ಹೆಚ್ಚಿನ ಪ್ರಯೋಜನವಿಲ್ಲ. ಕಚೇರಿಯ ಮೇಜಿನ ಮೇಲೆ ಟೈಪ್-ಸಿ ಮಾನಿಟರ್ ಇದ್ದರೆ ಒಂದೇ ಕೇಬಲ್‌ನಲ್ಲಿ ಪರದೆ, ಚಾರ್ಜಿಂಗ್, ಕೀಬೋರ್ಡ್, ಕೆಲವು ಮಾದರಿಗಳಲ್ಲಿ ಈಥರ್‌ನೆಟ್ ಕೂಡ ಬಂದುಬಿಡುತ್ತದೆ. ಬೆಳಿಗ್ಗೆ ಒಂದು ಕೇಬಲ್ ಸಿಕ್ಕಿಸಿ ಸಂಜೆ ಅದನ್ನೇ ಎಳೆದು ಹೊರಡುವುದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ 65 ವಾಟ್ ಚಾರ್ಜರ್ ಸಾಕಾಗುವುದು ಇನ್ನೊಂದು ಲಾಭ. ಈಗ ಗ್ಯಾಲಿಯಮ್ ನೈಟ್ರೈಡ್ ಚಾರ್ಜರ್‌ಗಳು ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದಾಗಿವೆ.

ಆದರೆ ಎರಡು ಪೋರ್ಟ್ ಎಂದಾಗ ಚಾರ್ಜಿಂಗಿಗೆ ಹೋಗುವ ಒಂದನ್ನು ಮೊದಲೇ ಕಳೆಯಬೇಕು. 2022ರಿಂದೀಚೆಗಿನ ಮ್ಯಾಕ್‌ಬುಕ್ ಏರ್‌ನಲ್ಲಿ ಅಯಸ್ಕಾಂತದಿಂದ ಅಂಟುವ ಮ್ಯಾಗ್‌ಸೇಫ್ ಚಾರ್ಜಿಂಗ್ ಪೋರ್ಟ್ ಪ್ರತ್ಯೇಕವಾಗಿರುವುದರಿಂದ ಎರಡೂ ಟೈಪ್-ಸಿಗಳು ಬಳಕೆಗೆ ಉಳಿಯುತ್ತವೆ, ಆ್ಯಪಲ್‌ನ ಎಂ1 ಚಿಪ್ ಇರುವ 2020ರ ಮಾದರಿಯಲ್ಲಿ ಉಳಿಯುವುದು ಒಂದೇ. ಎರಡೂ ಪೋರ್ಟ್‌ಗಳು ಎಡಗಡೆಯೇ ಇದ್ದು, ಮನೆಯ ಪ್ಲಗ್ ಪಾಯಿಂಟ್ ಬಲಗಡೆ ಇದ್ದರೆ ಕೇಬಲ್ ಲ್ಯಾಪ್‌ಟಾಪನ್ನು ಸುತ್ತಿ ಬರಬೇಕು. ಸಣ್ಣ ಕಿರಿಕಿರಿ, ಆದರೆ ದಿನವೂ ಆಗುವಂಥದ್ದು. ಎಕ್ಸ್‌ಪಿಎಸ್ ಪ್ಲಸ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಇಟ್ಟಿರುವುದನ್ನು ಈ ಒಂದು ವಿಷಯದಲ್ಲಿ ಮೆಚ್ಚಬೇಕು.

ಹೊರಪರದೆಯ ಮಿತಿಯನ್ನು ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಎಂ1 ಮತ್ತು ಎಂ2 ಮ್ಯಾಕ್‌ಬುಕ್ ಏರ್‌ಗಳು ಅಧಿಕೃತವಾಗಿ ಒಂದೇ ಹೊರಪರದೆಯನ್ನು ನಡೆಸುತ್ತವೆ. 2024ರ ಎಂ3 ಎರಡನ್ನು ನಡೆಸುತ್ತದೆ, ಆದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿರಬೇಕು. 2025ರ ಎಂ4ನಲ್ಲಿ ಮುಚ್ಚಳ ತೆರೆದೇ ಎರಡು ಪರದೆ ಬಳಸಬಹುದು. ಬಳಸಿದ ಎಂ1, ಎಂ2 ಯಂತ್ರಗಳನ್ನು ಕಡಿಮೆ ಬೆಲೆಗೆ ಕೊಳ್ಳಲು ಯೋಚಿಸುತ್ತಿರುವವರು ಮನೆಯಲ್ಲಿ ಎರಡು ಮಾನಿಟರ್ ಇಟ್ಟುಕೊಂಡಿದ್ದರೆ ಇದನ್ನು ಮೊದಲೇ ತಿಳಿದಿರಬೇಕು, ಯಾಕೆಂದರೆ ಸಾಮಾನ್ಯ ಹಬ್‌ನಲ್ಲಿ ಎರಡು ಎಚ್‌ಡಿಎಂಐ ಇದ್ದರೂ ಮ್ಯಾಕ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ ಈ ಮಿತಿಯನ್ನು ದಾಟಿಸುತ್ತದೆ, ಆದರೆ ಅದಕ್ಕೆ ಬೇರೆ ತಂತ್ರಾಂಶ ಹಾಕಬೇಕು, ಕಂಪನಿಯ ಯಂತ್ರದಲ್ಲಿ ಆ ಅನುಮತಿ ಸಿಗದಿರಬಹುದು.

ಮೆಮೊರಿ ಮತ್ತು ಸಂಗ್ರಹದ ಕಡೆಗೂ ಗಮನವಿರಲಿ. ಇಂಥ ಯಂತ್ರಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. 256 ಜಿಬಿಯ ಮಾದರಿಯನ್ನು ಉಳಿತಾಯವೆಂದು ಕೊಂಡವರು ಬೇಗನೆ ಹೊರಗಿನ ಎಸ್‌ಎಸ್‌ಡಿಯನ್ನು ಜೋತುಹಾಕಿಕೊಳ್ಳುತ್ತಾರೆ, ಆಗ ಇರುವ ಎರಡು ಪೋರ್ಟ್‌ನಲ್ಲಿ ಒಂದು ಶಾಶ್ವತವಾಗಿ ಅದರ ಪಾಲಾಗುತ್ತದೆ. ಪೋರ್ಟ್ ಕಡಿಮೆ ಇರುವ ಯಂತ್ರದಲ್ಲಿ ಸಂಗ್ರಹವನ್ನು ಉದಾರವಾಗಿ ಕೊಳ್ಳುವುದೇ ಜಾಣತನ. ಇನ್ನು ಶಾಖದ ಮಾತು: ಫ್ಯಾನ್ ಇಲ್ಲದ ಯಂತ್ರ ಬರವಣಿಗೆಗೂ ಸಭೆಗಳಿಗೂ ಸದ್ದಿಲ್ಲದೆ ಒದಗುತ್ತದೆ, ಅರ್ಧ ಗಂಟೆಯ ವಿಡಿಯೊ ಎನ್‌ಕೋಡಿಂಗ್‌ನಂಥ ಸತತ ಕೆಲಸದಲ್ಲಿ ಬಿಸಿಯಾದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಹಬ್ ಕೊಂಡರೆ ಮುಗಿಯಿತೇ?

"ಪೋರ್ಟ್ ಇಲ್ಲದಿದ್ದರೇನು, ಒಂದೂವರೆ ಸಾವಿರಕ್ಕೆ ಹಬ್ ಬರುತ್ತದೆ" ಎಂಬುದು ಅಂಗಡಿಯವರ ಸಿದ್ಧ ಉತ್ತರ. ಅರ್ಧ ನಿಜ. ಉಳಿದರ್ಧವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ದುಡ್ಡು ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ.

ಟೈಪ್-ಸಿ ಕೇಬಲ್‌ನೊಳಗೆ ವೇಗದ ಸಂಕೇತಗಳಿಗೆಂದು ನಾಲ್ಕು ಪಥಗಳಿವೆ. ಅಗ್ಗದ ಹಬ್ ಅವುಗಳಲ್ಲಿ ಎರಡನ್ನು ಪರದೆಗೂ ಎರಡನ್ನು ಯುಎಸ್‌ಬಿಗೂ ಹಂಚುತ್ತದೆ. ಪರದೆಗೆ ಸಿಕ್ಕ ಎರಡು ಪಥಗಳಲ್ಲಿ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಎಂಬ ವ್ಯವಸ್ಥೆಯ ಹಳೆಯ 1.2 ಆವೃತ್ತಿಯ ವೇಗದಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ, 60 ಸಲ ಅಲ್ಲ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 4ಕೆ ಎಂದಿರುತ್ತದೆ, 30 ಹರ್ಟ್ಸ್ ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿರುತ್ತದೆ. ಸಿನಿಮಾ ನೋಡಲು ತೊಂದರೆಯಿಲ್ಲ. ಆದರೆ ಮೌಸ್ ಆಡಿಸಿದಾಗ ಬಾಣ ಒಂದು ಗಳಿಗೆ ಹಿಂದೆ ಬಿದ್ದಂತೆ, ಪುಟ ಉರುಳಿಸಿದಾಗ ಅಕ್ಷರಗಳು ಕುಪ್ಪಳಿಸಿದಂತೆ ಕಾಣುತ್ತದೆ, ಸಂಜೆಯ ಹೊತ್ತಿಗೆ ಕಣ್ಣು ದಣಿಯುತ್ತದೆ. 60 ಹರ್ಟ್ಸ್ ಬೇಕೆಂದರೆ ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4 ಅನ್ನು ಬಲ್ಲವಾಗಿರಬೇಕು, ಇಲ್ಲವೇ ಟೈಪ್-ಸಿಯದೇ ಆಕಾರದ, ಇನ್ನೂ ವೇಗದ ಥಂಡರ್‌ಬೋಲ್ಟ್ ಸಂಪರ್ಕದ ಡಾಕ್ ಬೇಕು.

ವಿದ್ಯುತ್ತಿನದು ಬೇರೆಯೇ ಕಥೆ. 65 ವಾಟ್ ಚಾರ್ಜರನ್ನು ಹಬ್ ಮೂಲಕ ಹಾಯಿಸಿದರೆ ಹಬ್ ತನಗಾಗಿ ಹತ್ತು ಹದಿನೈದು ವಾಟ್ ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತದೆ. ಭಾರಿ ಕೆಲಸದ ವೇಳೆ ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತ ಹೋದರೆ ಇದೇ ಕಾರಣವಿರಬಹುದು. 60 ವಾಟ್ ಮೀರಿದ ಚಾರ್ಜಿಂಗಿಗೆ ಕೇಬಲ್ ಒಳಗೆ ಗುರುತಿನ ಚಿಪ್ ಇರುವ ಐದು ಆಂಪಿಯರ್ ಕೇಬಲ್ಲೇ ಆಗಬೇಕು, ಫೋನಿನ ಜೊತೆ ಬಂದದ್ದು ಸಾಮಾನ್ಯವಾಗಿ ಆಗುವುದಿಲ್ಲ. ಬೆಂಗಳೂರಿನವರು ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್‌ನ ಮೊದಲ ಗಾಳಿಮಳೆಗೆ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಆದರೆ ಹಬ್‌ಗೆ ಚಾರ್ಜರಿನಿಂದ ಬರುತ್ತಿದ್ದ ವಿದ್ಯುತ್ ನಿಂತ ಕ್ಷಣ ಅದು ಲ್ಯಾಪ್‌ಟಾಪಿನೊಡನೆ ಹೊಸದಾಗಿ ಮಾತುಕತೆ ನಡೆಸಬೇಕಾಗುತ್ತದೆ. ಬಹಳಷ್ಟು ಅಗ್ಗದ ಹಬ್‌ಗಳು ಆ ಹೊತ್ತಿನಲ್ಲಿ ಎಲ್ಲ ಸಂಪರ್ಕವನ್ನೂ ಒಮ್ಮೆ ಕಳಚಿ ಮತ್ತೆ ಜೋಡಿಸುತ್ತವೆ. ಹೊರಗಿನ ಡಿಸ್ಕಿಗೆ ಫೋಟೊಗಳು ನಕಲಾಗುತ್ತಿದ್ದರೆ ನಕಲು ನಡುವೆಯೇ ಮುರಿಯುತ್ತದೆ, ಕೆಲವೊಮ್ಮೆ ಫೈಲೂ ಕೆಡುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಮುಖ್ಯವಾದ ನಕಲನ್ನು ಹಬ್‌ಗೆ ಚಾರ್ಜರ್ ಹಾಕದೆ ಮಾಡುವುದು, ಅಥವಾ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೇ ಸಿಕ್ಕಿಸುವುದು ಒಳ್ಳೆಯದು.

ರೇಡಿಯೊ ಗದ್ದಲವೂ ಉಂಟು. ಯುಎಸ್‌ಬಿ 3.0 ಸಂಕೇತ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗೊಂದಲ ಎಬ್ಬಿಸುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರವಾಗಿ ತೋರಿಸಿದೆ. ವೈ-ಫೈಯ ಒಂದು ಬ್ಯಾಂಡ್, ಬ್ಲೂಟೂತ್, ವೈರ್‌ಲೆಸ್ ಮೌಸ್ ಎಲ್ಲವೂ ಅಲ್ಲಿಯೇ ಇವೆ. ಸರಿಯಾದ ಲೋಹಕವಚ ಇಲ್ಲದ ಹಬ್‌ಗೆ ಹಾರ್ಡ್ ಡಿಸ್ಕ್ ಹಾಕಿದೊಡನೆ ಮೌಸ್ ತಡವರಿಸಿದರೆ ಮೌಸನ್ನು ಬೈಯುವ ಮುಂಚೆ ಹಬ್ಬನ್ನು ಅರ್ಧ ಅಡಿ ದೂರ ಸರಿಸಿ ನೋಡಿ. ಅಕ್ಕಪಕ್ಕದ ಹತ್ತಾರು ಮನೆಗಳ ವೈ-ಫೈ ಒಂದರ ಮೇಲೊಂದು ಬಿದ್ದಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ಇದರ ಉಪದ್ರವ ಇನ್ನಷ್ಟು.

ಹಾಗಾದರೆ ಹಬ್ ಬೇಡವೇ? ಬೇಕು, ಆದರೆ ಎಲ್ಲಿ ಎಂಬುದು ಮುಖ್ಯ. ಮೇಜಿನ ಮೇಲೆ ಕಾಯಂ ಇರುವ ಡಾಕ್ ಒಂದು ನಿಜವಾದ ಅನುಕೂಲ. ತನ್ನದೇ ವಿದ್ಯುತ್ ಇಟ್ಟಿರುವ ಥಂಡರ್‌ಬೋಲ್ಟ್ ಡಾಕ್ ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುತ್ತದೆ, ಎರಡು ಪರದೆಗಳನ್ನೂ ವೇಗದ ಡಿಸ್ಕನ್ನೂ ಒಟ್ಟಿಗೆ ನಡೆಸುತ್ತದೆ. ಬೆಲೆ ಇಪ್ಪತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ. ಅದಕ್ಕಿಂತ, ಮಾನಿಟರ್ ಹೇಗೂ ಕೊಳ್ಳಬೇಕಾಗಿದ್ದರೆ 65 ಅಥವಾ 90 ವಾಟ್ ಕೊಡುವ ಟೈಪ್-ಸಿ ಮಾನಿಟರ್ ಕೊಂಡರೆ ಡಾಕ್‌ನ ಬಹುಪಾಲು ಕೆಲಸ ಅದರಲ್ಲೇ ಆಗುತ್ತದೆ. ಚೀಲದಲ್ಲಿ ಹೊತ್ತು ತಿರುಗುವ ಹಬ್ ಮಾತ್ರ ಬೇರೆ ಮಾತು. ಅದರ ಗಿಡ್ಡ ಬಾಲ ಲ್ಯಾಪ್‌ಟಾಪಿನ ಪಕ್ಕದಲ್ಲಿ ನೇತಾಡುತ್ತ, ಎಚ್‌ಡಿಎಂಐ ಕೇಬಲ್‌ನ ಭಾರವನ್ನೆಲ್ಲ ಆ ಒಂದು ಚಿಕ್ಕ ಪೋರ್ಟಿನ ಮೇಲೆ ಹೇರುತ್ತದೆ. ಟೈಪ್-ಸಿಯನ್ನು 10,000 ಸಲ ಹಾಕಿ ತೆಗೆಯಲು ವಿನ್ಯಾಸ ಮಾಡಿದ್ದಾರೆ, ನಿಜ. ಆ ಲೆಕ್ಕ ನೇರವಾಗಿ ಹಾಕಿ ನೇರವಾಗಿ ತೆಗೆಯುವುದಕ್ಕೆ, ಪಕ್ಕಕ್ಕೆ ಜಗ್ಗುವುದಕ್ಕಲ್ಲ. ದಿನವೂ ಹಬ್ ಹೊರುವವರು ತೆಳು ಯಂತ್ರವನ್ನು ಕೊಂಡದ್ದರ ಉದ್ದೇಶವನ್ನೇ ಮರುಪರಿಶೀಲಿಸಬೇಕು.

14 ಇಂಚಿನ ಮಧ್ಯದ ದಾರಿ

ಈ ಪ್ರಶ್ನೆಗೆ ಬಹುತೇಕರಿಗೆ ನಾನು ಕೊಡುವ ಉತ್ತರ ಈ ಗುಂಪಿನಲ್ಲಿಯೇ ಇದೆ. ಎರಡು ಟೈಪ್-ಸಿ, ಒಂದಾದರೂ ಟೈಪ್-ಎ, ಪೂರ್ಣ ಗಾತ್ರದ ಎಚ್‌ಡಿಎಂಐ, ಹೆಡ್‌ಫೋನ್ ಜ್ಯಾಕ್ ಇಷ್ಟು ಇದ್ದು 1.4 ಕಿಲೊ ಒಳಗಿನ ಯಂತ್ರ. ಏಸಸ್ ಝೆನ್‌ಬುಕ್ 14ರ ಹಲವು ಮಾದರಿಗಳು, ಮೇಲೆ ಹೇಳಿದ ಎಲ್‌ಜಿ ಗ್ರಾಮ್, ಎಕ್ಸ್1 ಕಾರ್ಬನ್ ಈ ಸಾಲಿಗೆ ಸೇರುತ್ತವೆ. ಬೆಲೆಯ ಹರವು ದೊಡ್ಡದು: ಝೆನ್‌ಬುಕ್‌ನಂಥವು ಲಕ್ಷದ ಆಚೀಚೆ ಸಿಕ್ಕರೆ ಎಕ್ಸ್1 ಕಾರ್ಬನ್ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ.

ಇಲ್ಲಿಯೂ ಬಿಟ್ಟುಕೊಡಬೇಕಾದದ್ದು ಇದೆ. ಗ್ರಾಮ್‌ನಂಥ ಅತಿ ಹಗುರದ ಯಂತ್ರಗಳ ಮೆಗ್ನೀಸಿಯಂ ಮೈ ಒತ್ತಿದರೆ ಸ್ವಲ್ಪ ಬಾಗುತ್ತದೆ. ಅದು ಗಟ್ಟಿಯಿಲ್ಲವೆಂದಲ್ಲ, ಆದರೆ ಅಲ್ಯೂಮಿನಿಯಂನ ಬಿಗಿತವನ್ನು ಇಷ್ಟಪಡುವವರಿಗೆ ಕೈಯಲ್ಲಿ ಹಿಡಿದಾಗ ಸಪ್ಪೆ ಎನಿಸುತ್ತದೆ. ಫ್ಯಾನ್ ಇರುತ್ತದೆ, ಸದ್ದು ಮಾಡುತ್ತದೆ, ಕೆಲವು ವರ್ಷಗಳಲ್ಲಿ ಧೂಳು ತುಂಬಿ ಸ್ವಚ್ಛ ಮಾಡಿಸಬೇಕಾಗುತ್ತದೆ. ಬ್ಯಾಟರಿಯ ವಿಷಯದಲ್ಲಿ ಎಂ ಸರಣಿಯ ಏರ್‌ನ ಬಾಳಿಕೆಗೆ ಇಂಟೆಲ್ ಯಂತ್ರಗಳು ಬಹುಕಾಲ ಸಾಟಿಯಾಗಲಿಲ್ಲ. ಈಚಿನ ತಲೆಮಾರಿನ ಚಿಪ್‌ಗಳಲ್ಲಿ ಅಂತರ ಕಡಿಮೆಯಾಗಿದೆ. ರ‍್ಯಾಮ್ ಇಲ್ಲಿಯೂ ಸಾಮಾನ್ಯವಾಗಿ ಬೆಸುಗೆಯದೇ, ಆದ್ದರಿಂದ 16 ಜಿಬಿಗಿಂತ ಕಡಿಮೆ ಕೊಳ್ಳಬೇಡಿ.

ಆದರೂ ನಾನು ಇದರತ್ತ ವಾಲುವುದಕ್ಕೆ ಕಾರಣ ಲ್ಯಾಪ್‌ಟಾಪಿನೊಳಗಿಲ್ಲ, ಊರಿನ ಮೇಜುಗಳ ಮೇಲಿದೆ. ಕಾಲೇಜಿನ ಸೆಮಿನಾರ್ ಹಾಲಿನಲ್ಲಿ, ಸಂಘಸಂಸ್ಥೆಯ ಸಭಾಂಗಣದಲ್ಲಿ ಭಾಷಣಕಾರರ ಮೇಜಿನ ಬಳಿ ಜೋತುಬಿದ್ದಿರುವುದು ಎಚ್‌ಡಿಎಂಐ ಕೇಬಲ್. ಹಳೆಯ ಕಟ್ಟಡವಾದರೆ ನೀಲಿ ಮೂತಿಯ ವಿಜಿಎ. ಟೈಪ್-ಸಿ ಕೇಬಲ್ ಇರುವ ಪ್ರೊಜೆಕ್ಟರನ್ನು ನಾನು ಕಾರ್ಪೊರೇಟ್ ಕಚೇರಿಗಳ ಹೊರಗೆ ಕಂಡದ್ದು ಅಪರೂಪ. ಸಭಿಕರು ಕೂತ ಮೇಲೆ "ಯಾರ ಹತ್ತಿರವಾದರೂ ಅಡಾಪ್ಟರ್ ಇದೆಯೇ" ಎಂದು ಕೇಳುವ ಪ್ರಸಂಗವನ್ನು ಉಪನ್ಯಾಸ ಕೊಡುವವರೆಲ್ಲ ಒಮ್ಮೆಯಾದರೂ ನೋಡಿರುತ್ತಾರೆ.

ಲೆಕ್ಕಪರಿಶೋಧಕರು, ಕಂಪನಿ ಸೆಕ್ರೆಟರಿಗಳು, ಟೆಂಡರ್ ಹಾಕುವ ಗುತ್ತಿಗೆದಾರರ ವಿಷಯವೂ ಹೀಗೆಯೇ. ಅವರ ಡಿಜಿಟಲ್ ಸಹಿ ಇರುವುದು ಹೆಬ್ಬೆರಳ ಗಾತ್ರದ ಯುಎಸ್‌ಬಿ ಟೋಕನ್‌ನಲ್ಲಿ, ಚಾಲ್ತಿಯಲ್ಲಿರುವ ಟೋಕನ್‌ಗಳಲ್ಲಿ ಹೆಚ್ಚಿನವು ಟೈಪ್-ಎ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ಗೆ ಅರ್ಜಿ ಹಾಕುವಾಗಲೂ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಟೆಂಡರ್ ಸಲ್ಲಿಸುವಾಗಲೂ ಆ ಟೋಕನ್ ಬೇಕು. ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಹಬ್ ಒಂದು ಸಲ ಕಳಚಿಕೊಂಡರೆ ಸಹಿ ನಿಲ್ಲುತ್ತದೆ, ಮತ್ತೆ ಪಾಸ್‌ವರ್ಡ್‌ನಿಂದ ಶುರು. ಈ ವೃತ್ತಿಯವರಿಗೆ ಟೈಪ್-ಎ ಇರುವ ವಿಂಡೋಸ್ ಯಂತ್ರವೇ ಸರಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಮಾಡುವವರು, ಸರ್ವರ್ ಕೋಣೆಯಲ್ಲಿ ಸ್ವಿಚ್ ಸಂರಚಿಸುವವರು ಇನ್ನೂ ಮುಂದೆ ಯೋಚಿಸಬೇಕು. ಅವರಿಗೆ ಈಥರ್‌ನೆಟ್ ಕಿಂಡಿಯೂ ಎರಡು ಟೈಪ್-ಎಯೂ ಇರುವ ಥಿಂಕ್‌ಪ್ಯಾಡ್ ಟಿ ಸರಣಿಯಂಥ ವ್ಯಾವಹಾರಿಕ ಯಂತ್ರ ಬೇಕು. ಅಲ್ಲಿ ಚಂದ ನೋಡುವವರು ಯಾರೂ ಇರುವುದಿಲ್ಲ.

ಉಳಿದ ಎರಡು ತುದಿಗಳು

ಬಜೆಟ್ ನಲವತ್ತರಿಂದ ಅರವತ್ತು ಸಾವಿರ ಇರುವವರಿಗೆ 15.6 ಇಂಚಿನ ಯಂತ್ರಗಳಲ್ಲಿ ಪೋರ್ಟ್‌ಗಳಿಗೆ ಬರವಿಲ್ಲ, ಹಲವು ಮಾದರಿಗಳಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಯನ್ನು ಮುಂದೆ ಬದಲಿಸಲೂ ಬರುತ್ತದೆ. ತೂಕ 1.6ರಿಂದ 1.9 ಕಿಲೊ. ಹಾಸ್ಟೆಲ್ ಕೋಣೆಯಲ್ಲೇ ಇರುವ ಯಂತ್ರವಾದರೆ ಚಿಂತೆಯಿಲ್ಲ. ಒಂದು ಎಚ್ಚರಿಕೆ ಮಾತ್ರ: ಈ ಬೆಲೆಯಲ್ಲಿ ಟೈಪ್-ಸಿ ಪೋರ್ಟ್ ಇದ್ದರೂ ಅದು ಬರೀ ಡೇಟಾಗೆ ಇರಬಹುದು, ಚಾರ್ಜಿಂಗಿಗೆ ಹಳೆಯ ದುಂಡು ಪಿನ್ನೇ ಬೇಕಾಗಬಹುದು.

ಇನ್ನೊಂದು ತುದಿಯಲ್ಲಿ ಮದುವೆ ಫೋಟೊ, ವಿಡಿಯೊ ಕೆಲಸದವರಿದ್ದಾರೆ. 64 ಜಿಬಿ ಕಾರ್ಡನ್ನು ಯುಎಸ್‌ಬಿ 2.0 ವೇಗದ ಅಗ್ಗದ ರೀಡರಿನಲ್ಲಿ ಖಾಲಿ ಮಾಡಲು ಸುಮಾರು ಅರ್ಧ ಗಂಟೆ ಬೇಕು. ವೇಗದ ಯುಎಚ್‌ಎಸ್-2 ಕಾರ್ಡ್ ಮತ್ತು ಅದಕ್ಕೊಪ್ಪುವ ಕಿಂಡಿ ಇದ್ದರೆ ನಾಲ್ಕೈದು ನಿಮಿಷ. ಮುಹೂರ್ತ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಮೂರು ಕಾರ್ಡ್ ಖಾಲಿಯಾಗಬೇಕಾದವರಿಗೆ ಈ ವ್ಯತ್ಯಾಸ ದೊಡ್ಡದು. 14 ಇಂಚಿನ ಮ್ಯಾಕ್‌ಬುಕ್ ಪ್ರೊ ಒಂದೂವರೆ ಕಿಲೊಗಿಂತ ಸ್ವಲ್ಪ ಹೆಚ್ಚಿದೆ, ಎಚ್‌ಡಿಎಂಐ, ಎಸ್‌ಡಿ ಕಿಂಡಿ, ಮ್ಯಾಗ್‌ಸೇಫ್ ಇವೆ. ಎಂ4 ಮಾದರಿ ಭಾರತದಲ್ಲಿ 1,69,900 ರೂಪಾಯಿಗೆ ಬಂತು, ಎಂ4 ಏರ್ 99,900ಕ್ಕೆ. ಎಪ್ಪತ್ತು ಸಾವಿರದ ಅಂತರವನ್ನು ಬರೀ ಪೋರ್ಟಿಗಾಗಿ ಕೊಡಬೇಡಿ. ಫ್ಯಾನ್, ಉತ್ತಮ ಪರದೆ, ಸತತ ವೇಗ ಇವೆಲ್ಲ ನಿಮ್ಮ ಸಂಪಾದನೆಗೆ ಒದಗುವುದಾದರೆ ಮಾತ್ರ ಕೊಡಿ. ಇಲ್ಲವಾದರೆ ಏರ್ ಜೊತೆಗೆ ಒಳ್ಳೆಯ ಕಾರ್ಡ್ ರೀಡರ್ ಒಂದನ್ನು ಕೊಳ್ಳಿ, ಹಬ್ ಅಲ್ಲ. ಒಂದೇ ಕೆಲಸ ಮಾಡುವ ರೀಡರ್ ಏಳು ಕೆಲಸ ಮಾಡುವ ಹಬ್‌ಗಿಂತ ಹೆಚ್ಚು ನಂಬಿಕೆಯದು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಯಂತ್ರದ ಪಕ್ಕವನ್ನು ಬೆಳಕಿಗೆ ಹಿಡಿದು ಪ್ರತಿ ಟೈಪ್-ಸಿ ಪಕ್ಕದ ಗುರುತು ನೋಡಿ. ಮಿಂಚಿನ ಬಾಣ ಇದ್ದರೆ ಥಂಡರ್‌ಬೋಲ್ಟ್. ಅದರಲ್ಲಿ ಪರದೆ, ಡೇಟಾ ಎರಡಕ್ಕೂ ಭರವಸೆಯಿದೆ. ಗುರುತೇ ಇಲ್ಲದಿದ್ದರೆ ತಯಾರಕರ ವಿವರಪಟ್ಟಿಯಲ್ಲಿ ಪವರ್ ಡೆಲಿವರಿ (ಚಾರ್ಜಿಂಗಿಗೆ) ಮತ್ತು ಡಿಸ್‌ಪ್ಲೇಪೋರ್ಟ್ (ಪರದೆಗೆ) ಎಂಬ ಎರಡು ಪದಗಳನ್ನು ಹುಡುಕಿ. ಇಲ್ಲದ್ದನ್ನು ಇದೆ ಎಂದು ಮಾರಾಟಗಾರರು ಬಾಯಿಮಾತಿನಲ್ಲಿ ಹೇಳುವುದುಂಟು. ನಿಮ್ಮ ಟೋಕನ್, ಡಿಸ್ಕ್, ಫೋನಿನ ಚಾರ್ಜರ್ ಇವನ್ನು ಜೊತೆಗೆ ಒಯ್ದು ಪ್ರದರ್ಶನದ ಯಂತ್ರಕ್ಕೆ ಹಾಕಿ ನೋಡಲು ಕೇಳಿ. ಚಾರ್ಜಿಂಗ್ ಪೋರ್ಟ್ ಕೆಟ್ಟರೆ ಅದು ಪ್ರತ್ಯೇಕ ಸಣ್ಣ ಬೋರ್ಡಿನ ಮೇಲಿದೆಯೋ ಮುಖ್ಯ ಬೋರ್ಡಿಗೇ ಬೆಸೆದಿದೆಯೋ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ, ಏಕೆಂದರೆ ಎರಡೇ ಪೋರ್ಟ್ ಇರುವ ಯಂತ್ರದಲ್ಲಿ ಒಂದು ಕೆಟ್ಟರೆ ಅರ್ಧ ಯಂತ್ರವೇ ಕೆಟ್ಟಂತೆ. ಮುಖ್ಯ ಬೋರ್ಡಿನದಾದರೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಿ. ಕೆಟ್ಟಿತೆಂದು ಕಂಡದ್ದು ಬರೀ ಚೀಲದ ನೂಲಿನ ಜುಂಗು ಪೋರ್ಟಿನೊಳಗೆ ಸೇರಿದ್ದೂ ಆಗಿರಬಹುದು. ಯಂತ್ರವನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ತೆಗೆದು ನೋಡಿ, ಸೂಜಿ ಹಾಕಬೇಡಿ.

ಹಬ್ ಅಥವಾ ಡಾಕನ್ನು ಲ್ಯಾಪ್‌ಟಾಪಿನ ದಿನವೇ ಕೊಳ್ಳುವ ಅವಸರ ಬೇಡ. ಎರಡು ವಾರ ಬಳಸಿ, ಯಾವ ಪೋರ್ಟ್ ಇಲ್ಲವೆಂದು ನಿಜವಾಗಿ ಎಷ್ಟು ಸಲ ತಡಕಾಡಿದಿರಿ ನೋಡಿಕೊಳ್ಳಿ. ಹಲವರಿಗೆ ಮುನ್ನೂರು ರೂಪಾಯಿಯ ಒಂದು ಟೈಪ್-ಸಿ ಇಂದ ಟೈಪ್-ಎ ತುಂಡು ಮತ್ತು ಒಂದು ಟೈಪ್-ಸಿ ಇಂದ ಎಚ್‌ಡಿಎಂಐ ಕೇಬಲ್ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.